ಮಾಳಿಗೆಯ ಹುಲ್ಲು

ನಮ್ಮೂರು ಚೋರನೂರು; ಸಂಡೂರು ತಾಲ್ಲೂಕಿನ ಒಂದು ಹೋಬಳಿ. ಹೆಸರು ಹೇಳಿದೊಡನೆ ಹೊಸಬರು ನಕ್ಕು ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಚಿಕ್ಕವನಿದ್ದಾಗ ನಾನು ಕಂಡ ಕಳ್ಳ ಮಾತ್ರ ಒಬ್ಬನೇ. ಅವನು ಬಾಗಿಲಿಂದ ಬರುತ್ತಿರಲಿಲ್ಲ. ಮಾಳಿಗೆಯ ಮೇಲೆ ಬೆಳೆದ ಹುಲ್ಲಿನ ಬೇರು ಹಿಡಿದು ಮೆಲ್ಲಗೆ ಒಳಗಿಳಿಯುತ್ತಿದ್ದ. ಅವನ ಹೆಸರು ನೀರು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಳ್ಳಾರಿ ಸೀಮೆಯ ಹಳೆಯ ಮನೆಗಳು ಹೆಚ್ಚುಕಡಿಮೆ ಹೀಗೆಯೇ. ಮಲೆನಾಡಿನವರಂತೆ ಇಳಿಜಾರು ಮಾಡಿ ಹಂಚು ಹೊದಿಸುವಷ್ಟು ಮಳೆ ನಮ್ಮಲ್ಲಿ ಬೀಳುವುದಿಲ್ಲ. ನಮ್ಮ ಬಿಸಿಲನ್ನು ಹಂಚು ತಡೆಯುವುದೂ ಇಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ಸೊಪ್ಪು, ಗೆದ್ದಲು ಹತ್ತದಿರಲೆಂದು ಒಲೆಯ ಬೂದಿ, ಕೊನೆಗೆ ಒಂದು ಗೇಣು ಮಣ್ಣು. ನಡುವೆ ಒಂದು ಬೆಳಕಿಂಡಿ. ನೀರು ಹರಿಯಲು ಒಂದು ಕಡೆಗೆ ತುಸು ವಾಟ, ವಾಟದ ತುದಿಗೆ ಗೋಡೆಯಿಂದ ಹೊರಚಾಚಿದ ದೋಣಿ. ಇಷ್ಟೇ ನಮ್ಮ ಅರಮನೆ.

ಈ ಮೇಲಿನ ಮಣ್ಣು ಎಂಥದಾದರೂ ಆಗುತ್ತಿರಲಿಲ್ಲ. ಸೌಳು ಮಣ್ಣೇ ಬೇಕು. ಹೊಲದಲ್ಲಿ ಬೆಳ್ಳಗೆ ಉಪ್ಪೊಡೆದು, ಏನು ಬಿತ್ತಿದರೂ ಮೇಲೇಳದ ತಾವಿನ ಮಣ್ಣು ಅದು. ಹಿಂದೆ ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದದ್ದೂ ಇದನ್ನೇ. ಸೋಡಿಯಂ ಹೆಚ್ಚಿರುವ ಈ ಜೇಡಿ ನೀರು ತಾಕಿದೊಡನೆ ನುಣ್ಣಗೆ ಕದಡಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಲೆ ಬಿದ್ದ ನೀರು ಒಳಗಿಳಿಯದೆ ದೋಣಿಯ ಕಡೆಗೆ ಹರಿಯುತ್ತದೆ. ಅದೇ ಉಪ್ಪಿನಿಂದಾಗಿ ಅದರಲ್ಲಿ ಹುಲ್ಲೂ ಸುಲಭಕ್ಕೆ ಹುಟ್ಟುವುದಿಲ್ಲ. ಹೊಲಕ್ಕೆ ಶಾಪವಾದದ್ದು ಮನೆಗೆ ವರ.

ಆದರೆ ವರಕ್ಕೂ ವಾಯಿದೆ ಇತ್ತು. ಮಳೆ ಮಳೆಗೂ ಉಪ್ಪು ತೊಳೆದುಹೋಗುತ್ತದೆ. ಗಾಳಿ ಹೊಲದ ಧೂಳು ತಂದು ಸುರಿಯುತ್ತದೆ. ಗೋಡೆಯ ನೆರಳು ಬೀಳುವ ಕಡೆ ಮೊದಲು ಹಸಿರು ಹಾವಸೆ ಕಟ್ಟುತ್ತದೆ. ಹಾವಸೆಗೆ ನಿಜವಾದ ಬೇರಿಲ್ಲ. ಬೇಸಿಗೆಯಲ್ಲಿ ಸತ್ತಂತೆ ಒಣಗಿ, ಮೊದಲ ಮಳೆಗೆ ಎದ್ದು ಕೂರುತ್ತದೆ. ಅದು ತಾನಾಗಿ ಮನೆ ಕೆಡಿಸುವುದಿಲ್ಲ, ನೀರನ್ನು ಹಿಡಿದು ನಿಲ್ಲಿಸುತ್ತದೆ. ಆ ತಂಪಿನಲ್ಲಿ ಹುಲ್ಲಿನ ಬೀಜ ಕೂರುತ್ತದೆ. ಹುಲ್ಲು ಬೇರು ಬಿಡುತ್ತದೆ. ಬೇರು ಒಣಗಿದ ಮೇಲೆ ಅದರ ಜಾಗ ತೂತಾಗುತ್ತದೆ. ತೂತು ಸಿಕ್ಕಿದ ಮೇಲೆ ಕಳ್ಳನಿಗೆ ಕರೆಯೋಲೆ ಬೇಕೆ?

ಈ ಕಳ್ಳನನ್ನು ಕಾಯುವವನೊಬ್ಬ ಇದ್ದ. ನಾವು ಹುಡುಗರು ಅವನನ್ನು ಮಾಳಿಗೆ ತಾತ ಎನ್ನುತ್ತಿದ್ದೆವು. ವರ್ಷಕ್ಕೆ ಎರಡು ಸಲ ಬರುತ್ತಿದ್ದ. ದೀಪಾವಳಿಯ ಸುಮಾರಿಗೆ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ, ಹುಲ್ಲು ಬೀಜ ಉದುರಿಸುವ ಮೊದಲೇ ಅದನ್ನು ಬೇರುಸಹಿತ ಕೀಳುವುದು, ಹಾವಸೆ ಹೆರೆಯುವುದು. ರೋಹಿಣಿ ಮಳೆಗೆ ಮುಂಚೆ ಹಳೆಯ ಮಣ್ಣು ಕೆರೆದು ಹೊಸ ಸೌಳು ಹರವಿ, ನೀರು ಚಿಮುಕಿಸಿ ದಮ್ಮಸು ಮಾಡುವುದು. ಗುದ್ದಲಿಯನ್ನು ಅವನು ಮಾಳಿಗೆಗೆ ಹತ್ತಿಸುತ್ತಿರಲಿಲ್ಲ. ಬೆರಳು, ಒಂದು ಕುರ್ಪಿ, ಹಿಡಿಗಾತ್ರದ ಒಂದು ಕೊಡತಿ, ಇವೇ ಅವನ ಸಾಮಾನು. ಒಂದೊಂದು ಹುಲ್ಲು ಕಿತ್ತಾಗಲೂ ಹೆಬ್ಬೆರಳಿನಿಂದ ಆ ಕುಣಿಯನ್ನು ಒತ್ತಿ ಮುಚ್ಚಿ ಮುಂದೆ ಸರಿಯುತ್ತಿದ್ದ. ಸುಗ್ಗಿಯಲ್ಲಿ ಜೋಳ ಅಳೆದು ಕೊಡುತ್ತಿದ್ದೆವು. ಬಡಿಗ, ಕಮ್ಮಾರ, ಕುಂಬಾರರಿಗೆ ಊರಿನ ಆಯದ ಲೆಕ್ಕದಲ್ಲಿ ಹೆಸರಿತ್ತು. ಹುಲ್ಲು ಕೀಳುವವನಿಗೆ ಅದೂ ಇರಲಿಲ್ಲ. ಅದನ್ನು ಒಂದು ವಿದ್ಯೆ ಎಂದು ಯಾರೂ ಎಣಿಸಲಿಲ್ಲ.

ನಾನೂ ಎಣಿಸಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ತಾತನಿಗೆ ಜ್ವರ. ಅಪ್ಪ ನನ್ನನ್ನೇ ಹತ್ತಿಸಿದ. ನಾನು ಜಾಣ, ಕುಡುಗೋಲು ಒಯ್ದು ಒಂದು ತಾಸಿನಲ್ಲಿ ಮಾಳಿಗೆಯನ್ನು ನುಣ್ಣಗೆ ಬೋಳಿಸಿ ಇಳಿದೆ. ವಾರ ಬಿಟ್ಟು ತಾತ ಬಂದ. ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತು ನೋಡಿದ.

“ಕೊಯ್ದಿಯೋ, ಕಿತ್ತಿಯೋ ತಮ್ಮಾ?”

“ಕೊಯ್ದೆ ತಾತ.”

“ಹಂಗಾರೆ ಹುಲ್ಲು ನೀನು ತೆಗೆದಿಲ್ಲ. ಕಾಣದಂಗೆ ಮಾಡೀದಿ, ಅಷ್ಟೆ.”

ಆ ದಿನ ಅವನ ಜೊತೆ ಕೂತು ಕಿತ್ತೆ. ಆಗಲೇ ಅವನು ಇನ್ನೊಂದು ಮಾತು ಹೇಳಿದ್ದು: “ಹಾಕಿದಷ್ಟು ತೆಗೀಬೇಕು. ಬರೇ ಹಾಕ್ಕೋಂತ ಹೋದ್ರೆ ತೊಲಿ ತಡಿಯಂಗಿಲ್ಲ.” ಈ ಮಾತಿನ ತೂಕವನ್ನು ನಾನು ಬಹಳ ತಡವಾಗಿ ಲೆಕ್ಕ ಹಾಕಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಮಾಳಿಗೆಗೆ ಒಂದು ಅಂಗುಲ ಮಣ್ಣು ಹೆಚ್ಚಿದರೆ ಸುಮಾರು 350ರಿಂದ 400 ಕಿಲೋ ಭಾರ. ನೆನೆದರೆ ಇನ್ನೂ ಹೆಚ್ಚು.

ನಮ್ಮ ಸೀಮೆಯಲ್ಲಿ ಮಾಳಿಗೆಯ ಚರಿತ್ರೆ ಸಣ್ಣದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಲ್ಲಿನ ಕಟ್ಟಡಗಳ ಸಮತಟ್ಟು ಮಾಳಿಗೆಗಳನ್ನು ಗಮನಿಸಿ ಬರೆದಿಟ್ಟಿದ್ದಾನೆ. ಇವತ್ತು ಹಂಪಿಗೆ ಹೋದವರು ಅರಮನೆಗಳ ಕಲ್ಲಿನ ತಳಪಾಯಗಳನ್ನು ನೋಡಿ ಬರುತ್ತಾರೆ. ಮೇಲಿದ್ದ ಮರ, ಇಟ್ಟಿಗೆ, ಗಾರೆ ಯಾವುದೂ ಉಳಿದಿಲ್ಲ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಇಸವಿ: 1565. ಶತ್ರುಗಳು ಸುಟ್ಟರು, ಕೆಡವಿದರು. ಅದು ಸುಳ್ಳಲ್ಲ. ಆದರೆ ಬೆಂಕಿ ಬಿಟ್ಟದ್ದೂ ಬಹಳವಿತ್ತು. ಅದರ ಮೇಲೆ ಮುನ್ನೂರು ವರ್ಷ ಮಳೆ ಸುರಿಯಿತು. ಗಾರೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಆಲ, ಅರಳಿಯ ಬೀಜ ಚಿಗುರಿ ಇಟ್ಟಿಗೆಯ ಗೋಪುರಗಳನ್ನು ಸೀಳಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಇಲ್ಲಿನ ಅವಶೇಷಗಳ ಫೋಟೋ ತೆಗೆಯುವ ಹೊತ್ತಿಗೆ ನಗರ ಗಿಡಗಂಟಿಯ ವಶವಾಗಿತ್ತು. ಇಂದು ಪುರಾತತ್ವ ಇಲಾಖೆಯವರು ಸ್ಮಾರಕಗಳ ನೆತ್ತಿಯ ಮೇಲಿನ ಗಿಡ ಕೀಳಿಸುವುದು, ಪಾಚಿ ತೊಳೆಸುವುದು, ಬಿರುಕಿಗೆ ಗಾರೆ ತುಂಬಿಸುವುದು ಮುಗಿಯದ ಕೆಲಸ. ಊರು ಕೆಡವಿದವನ ಹೆಸರನ್ನು ಚರಿತ್ರೆ ಬರೆದುಕೊಳ್ಳುತ್ತದೆ. ಹುಲ್ಲು ಕೀಳುವವನು ಯಾವ ವರ್ಷದಿಂದ ಬರಲಿಲ್ಲ ಎನ್ನುವುದನ್ನು ಬರೆದುಕೊಳ್ಳುವುದಿಲ್ಲ.

ಮಣ್ಣಿನ ಕಟ್ಟಡ ಎಲ್ಲಿದ್ದರೂ ಅದರ ಬಾಳು ಹೀಗೆಯೇ ಇರಬೇಕು. ಆಫ್ರಿಕದ ಮಾಲಿ ದೇಶದ ಜೆನ್ನೆ ಎಂಬ ಊರಿನಲ್ಲಿ ದೊಡ್ಡದೊಂದು ಮಣ್ಣಿನ ಮಸೀದಿಯಿದೆ. ಈಗಿನ ಕಟ್ಟಡ 1907ರದು. ಅಲ್ಲಿ ವರ್ಷವರ್ಷ ಊರಿಗೆ ಊರೇ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ, ಅದೇ ಅವರ ಹಬ್ಬ. ನಾರ್ವೆಯವರು ಇನ್ನೊಂದು ತರ: ಬರ್ಚ್ ಮರದ ತೊಗಟೆ ಹಾಸಿ, ಅದರ ಮೇಲೆ ಬೇಕೆಂದೇ ಹುಲ್ಲು ಬೆಳೆಸುತ್ತಿದ್ದರು. ಅವರಿಗೆ ನೀರು ತಡೆಯಲು ತೊಗಟೆಯಿತ್ತು. ನಮಗಿದ್ದದ್ದು ತಾತನ ಹೆಬ್ಬೆರಳು.

2006ರಲ್ಲಿ ಅಪ್ಪ ತೀರಿಕೊಂಡ. ನಾನು ಹೊಸಪೇಟೆಯಲ್ಲಿ ನೌಕರಿಯಲ್ಲಿದ್ದೆ. ಮನೆಯಲ್ಲಿ ಅವ್ವ ಒಬ್ಬಳೇ. ಅದು ಅದಿರಿನ ಕಾಲ. ಸಂಡೂರಿನ ದಾರಿಯ ಮನೆ, ಮರ, ಎಮ್ಮೆಗಳೆಲ್ಲ ಲಾರಿಗಳ ಧೂಳಿಗೆ ಕೆಂಪಾಗಿದ್ದವು. ಹಳ್ಳಿಯ ಹುಡುಗರು ಗಣಿಗೆ, ಲಾರಿಗೆ ಹೋದರು. ತಾತನಿಗೆ ಏಣಿ ಹತ್ತುವ ಶಕ್ತಿ ಇರಲಿಲ್ಲ. ಕಲಿತವರು ಯಾರೂ ಇರಲಿಲ್ಲ. ನಾನು ಜಾಣನೇ ಅಲ್ಲವೆ? ಮೂರು ವರ್ಷ, ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿ, ಸಿಕ್ಕ ಕೂಲಿಯವರಿಂದ ಹಳೆಯದರ ಮೇಲೆ ಸುರಿಸಿದೆ. ಹುಲ್ಲನ್ನು ಯಾರೂ ಕೀಳಲಿಲ್ಲ. ಹುಲ್ಲಿನ ಮೇಲೆಯೇ ಮಣ್ಣು ಬಿತ್ತು. ಮೂರನೆಯ ವರ್ಷ ತಾತ ಕಟ್ಟೆಯ ಮೇಲೆ ಕೂತವನು ನನ್ನನ್ನು ಕರೆದು, “ತೆಗಿಸಿದೇನಪಾ?” ಎಂದ. “ಮುಂದಿನ ವರ್ಷ ನೋಡಾಣ ತಾತ” ಎಂದೆ. ಅವನು ಮತ್ತೇನೂ ಹೇಳಲಿಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕದಲ್ಲಿ ಯಾರಿಗೂ ಮರೆತಿರಲಾರದು. ಹಸ್ತಿ ಮಳೆ ಹಗಲೂ ರಾತ್ರಿ ಹೊಡೆಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ನಮ್ಮ ಪಡಸಾಲೆಯ ತೊಲೆ ನಡುರಾತ್ರಿ ಮುರಿಯಿತು. ಅವ್ವ ಅಲ್ಲಿಯೇ ಮಲಗುತ್ತಿದ್ದಳು. ಸೋರುತ್ತಿದ್ದ ಕಡೆ ಇಡಲು ಅಡುಗೆ ಕೋಣೆಯಿಂದ ಬೋಗುಣಿ ತರಲೆಂದು ಎದ್ದು ಹೋಗಿದ್ದಳು. ಆ ನಾಲ್ಕು ಹೆಜ್ಜೆ ಅವಳನ್ನು ಉಳಿಸಿತು. ಬೆಳಿಗ್ಗೆ ನಾನು ಹೋದಾಗ ಅವಳು ಬೋಗುಣಿಯನ್ನು ಇನ್ನೂ ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. “ಮಳಿ ಜಾಸ್ತಿ ಆತಪಾ, ಯಾರೇನು ಮಾಡಕಾಗತೈತಿ” ಎಂದಳು. ಕುಸಿದ ರಾಶಿಯ ಅಂಚಿನಲ್ಲಿ ಮಣ್ಣು ಪದರು ಪದರಾಗಿ ಕಾಣುತ್ತಿತ್ತು. ಎರಡು ಪದರಿನ ನಡುವೆ ಒಣಹುಲ್ಲಿನ ಕಪ್ಪು ಗೆರೆ. ಮೂರು ವರ್ಷಕ್ಕೆ ಮೂರು ಗೆರೆ. ಎಣಿಸಿದೆ.

ಪರಿಹಾರದ ಅರ್ಜಿಯಲ್ಲಿ ಮನೆ ಬೀಳಲು ಕಾರಣ ಎಂಬಲ್ಲಿ ‘ಅತಿವೃಷ್ಟಿ’ ಎಂದು ಬರೆದು ರುಜು ಹಾಕಿದೆ. ಅದೂ ಸುಳ್ಳಲ್ಲ. ಆದರೆ ಆ ಕಾಗದ ಎಲ್ಲೋ ಒಂದು ಕಡತದಲ್ಲಿ ಚರಿತ್ರೆಯಾಗಿ ಕೂತಿದೆ. ಅದನ್ನು ಓದಿದವರು ಮಣ್ಣಿನ ಮನೆ ಎಂದರೆ ಮಳೆಗೆ ಬೀಳುವ ಮನೆ ಎಂದೇ ತಿಳಿಯುತ್ತಾರೆ. ತಾತ ಇದ್ದಷ್ಟು ಕಾಲವೂ ಹಸ್ತಿ ಮಳೆ ಬಂದಿತ್ತು, ಮನೆ ನಿಂತಿತ್ತು ಎಂಬುದು ಅದರಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಅಲ್ಲಿ ಆರ್‌ಸಿಸಿ ಮನೆಯಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮದೇ ತಾಲ್ಲೂಕಿನದು. ಗುಡ್ಡದ ಮಣ್ಣು ಕಬ್ಬಿಣವಾಗಿ ನಮ್ಮ ನೆತ್ತಿಗೆ ಬಂದಿತೆಂದು ಹೇಳಬಹುದು. ಆರ್‌ಸಿಸಿಗೆ ಏನೂ ಮಾಡಬೇಕಾಗಿಲ್ಲ ಎಂದು ಕಟ್ಟಿದವರು ಹೇಳಿದ್ದರು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ನೀರು ನಿಲ್ಲುವ ಮೂಲೆಯಲ್ಲಿ ಹಾವಸೆ ಕಟ್ಟಿತು. ಅದರ ಬದಿಯ ಬಿರುಕಿನಲ್ಲಿ ಒಂದು ಅರಳಿಯ ಎಲೆ. ಪೇಟೆಯಲ್ಲಿ ಇದಕ್ಕೂ ಜನ ಇದ್ದಾರೆ. ಮೋಟಾರಿನಿಂದ ರಭಸವಾಗಿ ನೀರು ಹೊಡೆದು ತೊಳೆದು, ಔಷಧಿ ಬಳಿದು, ಚದರಡಿಯ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಕೇಳಲಿ. ಜೋಳ ಅಳೆದು ಕೊಟ್ಟ ಕಾಲದಲ್ಲಿ ಆ ಕೆಲಸಕ್ಕೆ ಸಲ್ಲದ ಬೆಲೆ ಈಗಲಾದರೂ ಸಲ್ಲಲಿ.

ನಾನು ಅವರನ್ನು ಕರೆಯಲಿಲ್ಲ. ದೀಪಾವಳಿಯ ಮುಂಚಿನ ಭಾನುವಾರ ಕುರ್ಪಿ ಹಿಡಿದು ಹತ್ತಿದೆ. ಹಾವಸೆ ಹೆರೆದೆ, ಅರಳಿಯನ್ನು ಬೇರುಸಹಿತ ಎಳೆದು ತೆಗೆದೆ, ಬಿರುಕಿಗೆ ಸಿಮೆಂಟು ತುಂಬಿ ಹೆಬ್ಬೆರಳಿನಿಂದ ಒತ್ತಿದೆ. ಕೆಳಗಿನಿಂದ ಅವ್ವ ಕೂಗಿದಳು: “ಕೊಯ್ದಿಯೋ, ಕಿತ್ತಿಯೋ?”

“ಕಿತ್ತೆ” ಎಂದೆ.