ಭೀಮ ಮರ ನೋಡಿದ ಹೊತ್ತು

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ ಕಡೆ ತಾಳಮದ್ದಲೆಯ ಕಾಲ. ಭದ್ರೆ ಕೆಂಪಾಗಿ ಹರಿಯುವ ತಿಂಗಳುಗಳಲ್ಲಿ ಬಯಲಾಟಕ್ಕೆ ಬಯಲೆಲ್ಲಿ? ಜಗಲಿಯಲ್ಲಿ ಚಾಪೆ ಹಾಸಿ, ಭಾಗವತರ ಎರಡು ಬದಿಗೆ ಅರ್ಥಧಾರಿಗಳು ಎದುರುಬದುರು ಕೂತು, ಮದ್ದಲೆಗೆ ಪೆಟ್ಟು ಬಿದ್ದರೆ ಪ್ರಸಂಗ ಶುರು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ.

ನಾನು ಹೆಚ್ಚಾಗಿ ಅರ್ಥ ಹೇಳಿದ್ದು ‘ಕೀಚಕ ವಧೆ’ಯ ಭೀಮನಿಗೆ. ಗದೆ ಬೀಸುವ ಭೀಮ ಸುಲಭ. ಕಷ್ಟದವನು ವಿರಾಟನ ಅಡುಗೆಮನೆಯ ವಲಲ. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ. ವಲಲನ ಕಣ್ಣು ಹತ್ತಿರದ ದೊಡ್ಡ ಮರದ ಮೇಲೆ ಹೋಗುತ್ತದೆ. ಅದನ್ನು ಬುಡಸಮೇತ ಕಿತ್ತು ಬಡಿಯಲು ಹೊರಟವನ ನೋಟ ಅದು. ಕಂಕನ ವೇಷದ ಧರ್ಮರಾಯನಿಗೆ ತಮ್ಮನ ಮನಸ್ಸು ತಿಳಿಯುತ್ತದೆ. ಸೌದೆಗಾಗಿ ಮರ ನೋಡುತ್ತಿದ್ದೀಯೇನು ಬಾಣಸಿಗ, ಬೇಕಿದ್ದರೆ ಹೊರಗೆ ಹೋಗಿ ಕಡಿ ಎಂದುಬಿಡುತ್ತಾನೆ. ಅಜ್ಞಾತವಾಸ ಮುಗಿಯುತ್ತ ಬಂದಿದೆ. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಭೀಮ ನುಂಗಿಕೊಳ್ಳುತ್ತಾನೆ. ಆ ನುಂಗುವಿಕೆಯನ್ನು ಕೇಳಿಸುವುದು ಹೇಗೆ? ದನಿ ಗಂಟಲಿನವರೆಗೆ ಬಂದು ಅಲ್ಲೇ ನಿಲ್ಲಬೇಕು, ಬೆರಳುಗಳು ತೊಡೆಯ ಮೇಲಿನ ಪಂಚೆಯನ್ನು ಹಿಡಿದೇ ಇರಬೇಕು. ಒಂದು ಮಾತು ಏರಿದರೂ ಅಜ್ಞಾತವಾಸ ಕೆಟ್ಟಿತು.

ಇಂಥವನೇ ಒಬ್ಬ ಹೋಮರನಲ್ಲಿದ್ದಾನೆ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಆರಂಭದಲ್ಲಿ ಕೈಮುಗಿಯುವ ಕವಿಗಳಲ್ಲಿ ಹೋಮರನೂ ಸೇರಿದ್ದಾನೆ. ಅವನನ್ನು ಓದಬೇಕೆಂದು ನನಗೆ ಅನಿಸಿದ್ದು ಅಲ್ಲಿಂದಲೇ. ಇಪ್ಪತ್ತು ವರ್ಷದ ಮೇಲೆ ಇಥಾಕಾಕ್ಕೆ ಮರಳಿದ ಒಡಿಸ್ಯೂಸ್ ತನ್ನ ಮನೆಗೇ ಭಿಕ್ಷುಕನಾಗಿ ಬರುತ್ತಾನೆ. ಅವನ ಹೆಂಡತಿಯನ್ನು ಮದುವೆಯಾಗಲು ಬಂದು ಮನೆಯನ್ನೇ ತಿಂದು ಬರಿದು ಮಾಡುತ್ತಿರುವವರಲ್ಲಿ ಒಬ್ಬ ಕಾಲ್ಮಣೆ ಎಸೆಯುತ್ತಾನೆ. ಪೆಟ್ಟು ಬಿದ್ದರೂ ಅಲುಗುವುದಿಲ್ಲ, ತಲೆಯಾಡಿಸಿ ಸುಮ್ಮನಾಗುತ್ತಾನೆ. ಗುರುತು ಹಿಡಿದು ಬಾಲ ಆಡಿಸಿದ ಮುದಿ ನಾಯಿಯನ್ನು ಕಂಡು ಬಂದ ಕಣ್ಣೀರನ್ನು ಪಕ್ಕದವನಿಗೆ ಕಾಣದಂತೆ ಒರೆಸಿಕೊಳ್ಳುತ್ತಾನೆ. ರಾತ್ರಿ ಮನೆಯ ದಾಸಿಯರು ನಗುತ್ತ ಆ ಪುಂಡರ ಕಡೆ ಹೊರಟಾಗ ಮಾತ್ರ ರಕ್ತ ಕುದಿಯುತ್ತದೆ. ಎದೆ ಗುದ್ದಿಕೊಂಡು, ಒಕ್ಕಣ್ಣ ದೈತ್ಯ ಗೆಳೆಯರನ್ನು ತಿಂದ ದಿನ ಇದಕ್ಕಿಂತ ಕಠಿಣವಾದದ್ದನ್ನು ತಾಳಿದೆಯಲ್ಲ ಎಂದು ಎದೆಗೇ ಬುದ್ಧಿ ಹೇಳುತ್ತಾನೆ. ಅದೇ ದೈತ್ಯನಿಂದ ತಪ್ಪಿಸಿಕೊಂಡ ಮೇಲೆ ಹಡಗಿನಿಂದ ತನ್ನ ಹೆಸರು ಕೂಗಿ ಕಡಲ ದೇವರ ಮುನಿಸು ಕಟ್ಟಿಕೊಂಡವನೂ ಇವನೇ. ತಾಳ್ಮೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಭೀಮನನ್ನು ತಡೆಯಲು ಅಣ್ಣನಿದ್ದ. ಒಡಿಸ್ಯೂಸ್ ತನಗೆ ತಾನೇ ಅಣ್ಣನಾಗಬೇಕಾಯಿತು.

ಮಳೆ ಕೈಕೊಟ್ಟರೆ ಭೀಮನ ಈ ಕಥೆಯಿರುವ ವಿರಾಟಪರ್ವ ಓದಿಸುವ ಪದ್ಧತಿ ಕನ್ನಡನಾಡಿನಲ್ಲಿ ಹಳೆಯದು. 15ನೇ ಶತಮಾನದ ಕುಮಾರವ್ಯಾಸನ ಭಾರತವನ್ನು ದೇವಸ್ಥಾನದಲ್ಲಿಟ್ಟು, ಊರವರೆಲ್ಲ ಕೂತು ಕೇಳುತ್ತಿದ್ದರು. ಯುದ್ಧದ ಪರ್ವಗಳನ್ನು ಬಿಟ್ಟು ಇದೇ ಏಕೆ? ಪಾಂಡವರು ಅಡಗಿದ ಜಾಗ ಹುಡುಕುತ್ತಿದ್ದ ಕೌರವರಿಗೆ ಭೀಷ್ಮ ಕೊಡುವ ಸುಳಿವು ಇದೇ ಪರ್ವದಲ್ಲಿದೆ: ಧರ್ಮರಾಯ ಇರುವ ನಾಡಿನಲ್ಲಿ ಮಳೆ ಕಾಲಕಾಲಕ್ಕೆ ಬರುತ್ತದೆ, ಬೆಳೆ ತುಂಬುತ್ತದೆ. ಪಗಡೆ ದಾಳದಿಂದ ವಿರಾಟ ಮುಖಕ್ಕೆ ಹೊಡೆದಾಗ ನೆತ್ತರು ನೆಲಕ್ಕೆ ಬೀಳದಂತೆ ಅಂಗೈ ಒಡ್ಡಿ ಹಿಡಿದ ಧರ್ಮರಾಯ ಅವನು. ಶೃಂಗೇರಿ ಬಳಿಯ ಕಿಗ್ಗದಲ್ಲಿ ಜನ ಇಂದಿಗೂ ಮಳೆ ಬೇಡುವುದು, ಹೆಚ್ಚಾದರೆ ಸಾಕು ಎನ್ನುವುದು, ಋಷ್ಯಶೃಂಗನಿಗೆ. ರೋಮಪಾದನ ಬರದ ನಾಡಿಗೆ ಮಳೆ ತಂದ ಆ ಬ್ರಹ್ಮಚಾರಿಗೆ. ತಮ್ಮನ್ನು ತಡೆದುಕೊಂಡವರ ಹಿಂದೆ ಮಳೆ ಬರುತ್ತದೆ ಎಂದು ನಮ್ಮ ಹಿರಿಯರು ನಿಜವಾಗಿ ನಂಬಿದ್ದರು.

ರಾತ್ರಿಯಿಡೀ ನಡೆಯುತ್ತಿದ್ದ ಕೂಟ ಈಗ ಮೂರು ಗಂಟೆಗೆ ಇಳಿದಿದೆ. ಅವಸರದಲ್ಲಿ ಸಭೆಯ ಪದ್ಯಗಳನ್ನು ಮೊಟಕು ಮಾಡಿ ನಾಟ್ಯಶಾಲೆಯ ಗುದ್ದಾಟಕ್ಕೆ ಹಾರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಭೆಯಲ್ಲಿ ಸುಮ್ಮನಿದ್ದ ಭೀಮನನ್ನು ಕೇಳಿಸಿಕೊಳ್ಳದವರಿಗೆ, ಕತ್ತಲಲ್ಲಿ ಕೀಚಕನನ್ನು ಮಾಂಸದ ಮುದ್ದೆ ಮಾಡಿದವನು ಬರಿಯ ಜಟ್ಟಿಯಾಗಿ ಕಾಣುತ್ತಾನೆ. ಅರ್ಥ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಕೊಡುವುದು ಮರ ನೋಡುವ ಸಂದರ್ಭವನ್ನೇ. ಅದು ಕೈಗೆ ಹತ್ತಿದ ಮೇಲೆ ಗುದ್ದಾಟ.