ಉಪ್ಪುನೀರಿನ ಗೋಧಿ
ಅರಾವಳಿಯ ಪಶ್ಚಿಮಕ್ಕಿರುವ ಮಾರವಾಡದ ಪಾಲಿ ಸೀಮೆಯಲ್ಲಿ, ಬಾಯಿಗಿಡಲಾಗದಷ್ಟು ಉಪ್ಪಾದ ಬಾವಿನೀರನ್ನೇ ಹೊಲಕ್ಕೆ ಹಾಯಿಸಿ ಗೋಧಿ ಬೆಳೆದುಕೊಂಡು ಬಂದ ರೈತರ ವಿವೇಕಕ್ಕೆ ನಮ್ಮ ಕೃಷಿಚರಿತ್ರೆಯಲ್ಲಿ ಸಲ್ಲಬೇಕಾದ ಗೌರವವು ಇನ್ನೂ ಸಂದಿಲ್ಲವೆಂದೇ ನನ್ನ ಭಾವನೆ. ಅವರು ಮುಂಗಾರಿನಲ್ಲಿ ಹೊಲವನ್ನು ಬೀಳುಬಿಟ್ಟು, ಸುತ್ತಲೂ ಬದು ಕಟ್ಟಿ, ಬಿದ್ದ ಅಲ್ಪಸ್ವಲ್ಪ ಮಳೆಯನ್ನೇ ತಡೆದು ನಿಲ್ಲಿಸುವರು. ಇಂಗುವ ಸಿಹಿನೀರು ಹಿಂದಿನ ವರ್ಷದ ಲವಣವನ್ನು ಬೇರಿಗೆ ಎಟುಕದ ಆಳಕ್ಕೆ ಒಯ್ಯುವುದು. ಆ ಹಸಿಯಲ್ಲಿಯೇ ಹಿಂಗಾರಿನ ಬಿತ್ತನೆಯಾಗಿ, ಮೊಳಕೆಯ ಸುಕುಮಾರಾವಸ್ಥೆಯು ಕಳೆದ ಬಳಿಕವಷ್ಟೇ ಉಪ್ಪುನೀರು ಪೈರನ್ನು ಮುಟ್ಟುವುದು. ಖಾರ್ಚಿಯಾ ಎಂಬ ಎತ್ತರದ, ಕೆಂಪುಕಾಳಿನ ನಾಡತಳಿಯು ಈ ಕ್ರಮಕ್ಕೆ ತಲೆಮಾರುಗಳಿಂದ ಒಗ್ಗಿದುದು. 1969ರಲ್ಲಿ ಸ್ಥಾಪಿತವಾದ ಕರ್ನಾಲಿನ ಕೇಂದ್ರೀಯ ಲವಣಮೃತ್ತಿಕಾ ಸಂಶೋಧನ ಸಂಸ್ಥೆಯ ವಿದ್ವಾಂಸರು ಸಹ, ಉಪ್ಪು ತಾಳುವ ಗೋಧಿಯನ್ನು ಅರಸುವಾಗ, ಇದರಿಂದ ಬಂದ ಖಾರ್ಚಿಯಾ 65ನ್ನೇ ಆಶ್ರಯಿಸಿ ಕೆಆರ್‌ಎಲ್ 1-4 ಎಂಬ ತಳಿಯನ್ನು ಪಡೆದರು.