ಕಾಫಿ, ತಕ್ಕಡಿ ಮತ್ತು ರೂಪಾಯಿ ತೂಕ

ಯಲಹಂಕದ ನಮ್ಮ ಮನೆಗೆ ಕಾಫಿಪುಡಿ ತೂಗೋ ಡಿಜಿಟಲ್ ತಕ್ಕಡಿ ಹುಡುಕ್ತಾ ಇದ್ದೀನಿ ಅಂದಾಗ ಅಮ್ಮ ಕೇಳಿದ ಪ್ರಶ್ನೆ ಒಂದೇ: "ಯಾಕೋ, ಚಮಚ ಇಲ್ವಾ?"

ಪ್ರಶ್ನೆ ಸರಿಯಾಗೇ ಇದೆ. ನಮ್ಮಲ್ಲಿ ತೂಕ ಇದ್ದದ್ದು ಅಂಗಡಿಯಲ್ಲಿ. ಅಡುಗೆಮನೆಯಲ್ಲಿ ಇದ್ದದ್ದು ಪಾವು, ಚಟಾಕು, ಚಮಚ, ಚಿಟಿಕೆ. ತಕ್ಕಡಿ ಬೇಕಾಗಿದ್ದು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಂಬಿಕೆ ಸಾಲದಿದ್ದಾಗ.

ಅಷ್ಟಕ್ಕೂ ಆ ನಂಬಿಕೆ ಸುಲಭದ್ದಾಗಿರಲಿಲ್ಲ ಸ್ವಾಮಿ! ಸೇರು ಅಂದ್ರೆ ಒಂದೇ ಸೇರಲ್ಲ. ಅದು ತೂಕವೂ ಹೌದು, ಅಳತೆಯ ಪಾತ್ರೆಯೂ ಹೌದು. 80 ತೊಲದ ಸೇರು ಸುಮಾರು 933 ಗ್ರಾಂ. ನಮ್ಮ ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ, ಅಂದ್ರೆ ಸುಮಾರು 280 ಗ್ರಾಂ. ಪರವೂರಿಗೆ ಹೋದವನು 'ಯಾವ ಸೇರು' ಅಂತ ಕೇಳದೆ ಕೊಂಡರೆ ಮೋಸ ಹೋದ ಹಾಗೇ.

ಇಲ್ಲಿ ರೂಪಾಯಿ ಅಂದ್ರೆ ಬೆಲೆಯಲ್ಲ, ನಿಜವಾದ ನಾಣ್ಯ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ ತೂಗುತ್ತಿತ್ತು. ಹಾಗಾಗಿ 24 ನಾಣ್ಯ ಒಂದು ತಟ್ಟೆಗೆ ಹಾಕಿದರೆ ಅಂಗಡಿಯವನ ಕಚ್ಚಾ ಸೇರಿನ ಬಂಡವಾಳ ಬಯಲು. ಆದ್ರೆ ಆ ಕಾಲದಲ್ಲಿ 24 ರೂಪಾಯಿ ಯಾರ ಕೈಯಲ್ಲಿತ್ತು? ಪರೀಕ್ಷೆ ಮಾಡುವ ದಾರಿಯೇನೋ ಇತ್ತು, ಉಳ್ಳವರಿಗೆ ಮಾತ್ರ.

ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಆಯ್ತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋಗ್ರಾಂ. ತಮಾಷೆ ನೋಡಿ, 1962ರಲ್ಲಿ ಬಂದ ಹೊಸ ನಿಕ್ಕಲ್ ರೂಪಾಯಿಯ ತೂಕ ಸರಿಯಾಗಿ 10 ಗ್ರಾಂ. ರೂಪಾಯಿಯೂ ತೊಲ ಬಿಟ್ಟು ಗ್ರಾಮಿಗೆ ಬಂತು!

ಕಾಫಿ ಮಾತ್ರ ಇನ್ನೂ ಪೂರ್ತಿ ಒಂದಾಗಿಲ್ಲ. ಕೊಡಗು-ಚಿಕ್ಕಮಗಳೂರಲ್ಲಿ ದರ ಹೇಳೋದು 50 ಕೆ.ಜಿ. ಮೂಟೆಗೆ, ಅಂತಾರಾಷ್ಟ್ರೀಯ ಲೆಕ್ಕಕ್ಕೆ 60 ಕೆ.ಜಿ. ಮೂಟೆ, ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿನ ಲೆಕ್ಕ.

ಸರಿ, ಮನೆಗ್ಯಾಕೆ ತಕ್ಕಡಿ? ಚಮಚ ಜಾಗ ಅಳೆಯುತ್ತೆ, ಪುಡಿಯನ್ನಲ್ಲ. ಹುರಿದಾಗ ಬೀಜ ಉಬ್ಬಿ ಹಗುರಾಗುತ್ತೆ. ಕಡು ಹುರಿದದ್ದು ಇನ್ನೂ ಹಗುರ. ನುಣ್ಣಗೆ ಬೀಸಿದ ಪುಡಿಯ ಚಮಚವೂ ದಪ್ಪ ಪುಡಿಯ ಚಮಚವೂ ಒಂದೇ ತೂಗಲ್ಲ. ಚಿಕೋರಿ ಪ್ಯಾಕೆಟ್ ಮೇಲಿನ ಶೇಕಡಾ ಕೂಡ ತೂಕದ ಲೆಕ್ಕವೇ.

ಕೊಳ್ಳುವಾಗ ನಾನು ನೋಡ್ತಿರೋದು ಮೂರು. 0.1 ಗ್ರಾಂ ತೋರಿಸಬೇಕು. 1 ಗ್ರಾಮಿನ ತಕ್ಕಡಿಯಲ್ಲಿ 15 ಗ್ರಾಂ ಪುಡಿ ತೂಗಿದರೆ ಅರ್ಧ ಗ್ರಾಂ ಆಚೀಚೆ ಆಗೋದು ಗೊತ್ತೇ ಆಗಲ್ಲ. ಹಿತ್ತಾಳೆ ಫಿಲ್ಟರ್ ನೀರು ಸಮೇತ ಇಟ್ಟರೂ ತಡೆಯೋ ಹಾಗೆ 2 ಕೆ.ಜಿ. ಸಾಮರ್ಥ್ಯ ಇರಬೇಕು. ಪಾತ್ರೆಯ ತೂಕ ಕಳೆದು ಸೊನ್ನೆ ಮಾಡೋ ಗುಂಡಿ ಇರಬೇಕು. ಮಿಕ್ಕ ಬಣ್ಣ, ಬೆಳಕು, ಬ್ಲೂಟೂತ್ ಎಲ್ಲ ಅಲಂಕಾರ.

ಒಳಗಿರೋದು 1938ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸ್ಟ್ರೇನ್ ಗೇಜ್. ಭಾರಕ್ಕೆ ಲೋಹ ಕೂದಲೆಳೆಯಷ್ಟು ಬಾಗಿದರೂ ಅದರ ವಿದ್ಯುತ್ ಪ್ರತಿರೋಧ ಬದಲಾಗುತ್ತೆ, ಅದನ್ನೇ ಗ್ರಾಂ ಅಂತ ಓದಿ ಹೇಳುತ್ತೆ.

ಹೇಳಿದ್ದು ನಿಜವೇ ಅಂತ ನೋಡೋದು ಹೇಗೆ? ಮತ್ತೆ ರೂಪಾಯಿ! 2011ರ ಸರಣಿಯ ಹತ್ತು ರೂಪಾಯಿ ನಾಣ್ಯ 7.71 ಗ್ರಾಂ. ಸವೆಯದ ಹತ್ತು ನಾಣ್ಯ ಇಟ್ಟಾಗ 77 ಆಸುಪಾಸು ತೋರಿಸಿದ್ರೆ ತಕ್ಕಡಿ ಸಾಚಾ. ಅಂದು 24 ರೂಪಾಯಿ ಇದ್ದವನಿಗಷ್ಟೇ ಆಗುತ್ತಿದ್ದ ಪರೀಕ್ಷೆ ಇಂದು ಯಾರ ಜೇಬಲ್ಲಾದ್ರೂ ಇದೆ.

ಅಂದ ಹಾಗೆ, ನಿಮ್ಮೂರ ಸೇರು ಎಷ್ಟು ತೂಗುತ್ತಿತ್ತು? ಮನೆಯ ಹಿರಿಯರನ್ನ ಕೇಳಿ ನೋಡಿ.